ಮರಳಿ ಓಡುವವನ ವಿನಯ

ಕೆಲವು ತಿಂಗಳು ಓಟ ಬಿಟ್ಟವನು ಮತ್ತೆ ರಸ್ತೆಗಿಳಿದಾಗ ಜೊತೆಗೆ ಇನ್ನೊಬ್ಬನೂ ಓಡುತ್ತಿರುತ್ತಾನೆ: ಹಿಂದಿನ ಅವನೇ. ಆ ಹಳಬನನ್ನು ಸೋಲಿಸುವ ಹಟವೇ ಎಷ್ಟೋ ಸಲ ಗಾಯಕ್ಕೆ ಕಾರಣ. ಉಸಿರು ವಾರಗಳಲ್ಲಿ ಹದಕ್ಕೆ ಬರುತ್ತದೆ. ಮೂಳೆ, ಸ್ನಾಯುರಜ್ಜುಗಳು ತಿಂಗಳುಗಳನ್ನು ಕೇಳುತ್ತವೆ.

ಹಾಗಾದರೆ 'ಸದ್ಯಕ್ಕೆ ನನ್ನಿಂದ ಇಷ್ಟೇ' ಎಂದು ಒಪ್ಪುವುದು ಸೋಲೇ?

ಯೌವನದಲ್ಲಿ ಓಡುತ್ತಿದ್ದ ಫೌಜಾ ಸಿಂಗ್ ದಶಕಗಳ ಕಾಲ ಓಟ ಬಿಟ್ಟಿದ್ದರು. 1994ರಲ್ಲಿ ಮಗನನ್ನು ಕಳೆದುಕೊಂಡ ದುಃಖದ ನಂತರ ಅದಕ್ಕೇ ಮರಳಿದರು. 2000ರಲ್ಲಿ, ಪಾಸ್‌ಪೋರ್ಟಿನ ಲೆಕ್ಕದಂತೆ 89ರ ಪ್ರಾಯದಲ್ಲಿ, ಲಂಡನ್ ಮ್ಯಾರಥಾನ್ ಪೂರೈಸಿದರು. ಆ ಕಾಲುಗಳಿಗೆ ಯೌವನದ ವೇಗ ಮರಳಲಿಲ್ಲ, ಮರಳಿದ್ದು ಓಟ.

ಸಾಮರ್ಥ್ಯ ನಮ್ಮ ಸ್ವತ್ತಲ್ಲ, ಎರವಲು. ಕಳೆದುದನ್ನು ಕಳೆದುದೆಂದೇ ಒಪ್ಪಿ ಇಂದಿನ ನಿಧಾನದಿಂದ ಹೊರಡುವುದು ಸೋಲಲ್ಲ, ಪ್ರಾಮಾಣಿಕತೆ.