ಹಗಲಲ್ಲಿ ಬಂದು ನೋಡಿ

ಮಳೆಗಾಲದಲ್ಲಿ ಊರಿಗೆ ಹೋಗಿ ಜಗಲಿಯಲ್ಲಿ ಕೂತು ಮೊಬೈಲ್ ನೋಡುವವರಿಗೆ ಇದು ಗೊತ್ತಿರಬಹುದು. ಹಂಚಿನ ಅಂಚಿನಿಂದ ಸಿಡಿದ ಸಣ್ಣ ಹನಿಯೊಂದು ಸ್ಕ್ರೀನ್ ಮೇಲೆ ಬಿದ್ದರೆ ಅದರೊಳಗೆ ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣುತ್ತವೆ. ಹನಿ ಅಲ್ಲಿ ಭೂತಗನ್ನಡಿಯ ಕೆಲಸ ಮಾಡುತ್ತಿರುತ್ತದೆ, ಅಷ್ಟೆ. ಆ ಹೊತ್ತಿಗೆ ಸ್ಕ್ರೀನಿನಲ್ಲಿ ಚೆಂಡುಹೂವಿನ ಫೋಟೋ ಇದ್ದರೆ ಇನ್ನೂ ಮಜಾ. ಹಳದಿ ಎಸಳಿನ ಮೇಲೆ ಬಿದ್ದ ಹನಿಯಲ್ಲಿ ಹಳದಿ ಚುಕ್ಕಿಯೇ ಇರುವುದಿಲ್ಲ. ಕೆಂಪು ಇರುತ್ತದೆ, ಹಸಿರು ಇರುತ್ತದೆ. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದು ನಮಗೆ ಹಳದಿ ಅನ್ನಿಸುತ್ತದೆ.

ನಾನು ಶಾಲೆಯಲ್ಲಿ ಕಲಿತದ್ದು ಇದಲ್ಲ. ಸೋಮವಾರಪೇಟೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಬೋರ್ಡಿನ ಮೇಲೆ ಮೂರು ವೃತ್ತ ಬರೆದು, ಮೂಲ ಬಣ್ಣ ಮೂರೇ, ಕೆಂಪು, ಹಳದಿ, ನೀಲಿ ಅಂತ ಹೇಳಿಕೊಟ್ಟಿದ್ದರು. "ಹಸಿರು ಖಾಲಿಯಾದ್ರೆ ಮಾಡ್ಕೊಳ್ಬಹುದು. ಹಳದಿ ಖಾಲಿಯಾದ್ರೆ ಅಂಗಡಿಗೇ ಹೋಗ್ಬೇಕು. ಯಾವುದಕ್ಕೆ ಯಾವುದು ಸೇರಿಸಿದ್ರೂ ಹಳದಿ ಬರುದಿಲ್ಲ" ಎನ್ನುತ್ತಿದ್ದರು. ಇಡೀ ಕ್ಲಾಸಿಗೆ ಇದ್ದದ್ದು ನಾಲ್ಕೈದು ಬಣ್ಣದ ಡಬ್ಬ. ಅವರ ಮಾತು ಎಷ್ಟು ಸತ್ಯ ಅಂತ ತಿಂಗಳ ಕೊನೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಆಮೇಲೆ ಹಾಸನದಲ್ಲಿ ಬಿಇಗೆ ಸೇರಿದೆ. ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬಿನಲ್ಲಿ ಕೆಂಪಿಗೆ 255, ಹಸಿರಿಗೆ 255, ನೀಲಿಗೆ 0 ಅಂತ ಕೊಟ್ಟು ಎಂಟರ್ ಒತ್ತಿದರೆ ಸ್ಕ್ರೀನ್ ತುಂಬಾ ಹಳದಿ! ಮೇಷ್ಟ್ರು ಹೇಳಿದ್ದು ಸುಳ್ಳು ಅಂತ ಅವತ್ತು ನಾನು ತೀರ್ಮಾನ ಮಾಡಿಬಿಟ್ಟೆ. ಹಳ್ಳಿ ಶಾಲೆಯಲ್ಲಿ ಓದಿದವನಿಗೆ ಇಂಥದ್ದೊಂದು ತಪ್ಪು ಸಿಕ್ಕರೆ ಒಳಗೊಳಗೇ ಖುಷಿ. ನಾನು ಅಲ್ಲಿಂದ ದಾಟಿ ಬಂದೆ ಅನ್ನುವುದಕ್ಕೆ ಅದೊಂದು ಸರ್ಟಿಫಿಕೇಟು.

ಮೂರನೇ ವರ್ಷದ ದಸರಾ ರಜೆಯಲ್ಲಿ ಮಡಿಕೇರಿಯ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಮಡಿಕೇರಿ ದಸರಾ ನೋಡದವರಿಗಾಗಿ ಒಂದು ಮಾತು. ನಾಲ್ಕು ಶಕ್ತಿದೇವತೆಗಳ ಕರಗದೊಂದಿಗೆ ಶುರುವಾಗುವ ಈ ಹಬ್ಬ ಮುಗಿಯುವುದು ವಿಜಯದಶಮಿಯ ರಾತ್ರಿ, ಹತ್ತು ದೇವಸ್ಥಾನಗಳ ಹತ್ತು ಮಂಟಪಗಳ ಮೆರವಣಿಗೆಯಲ್ಲಿ. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಮೂರ್ತಿಗಳು. ಅವು ಕೈ ಎತ್ತುತ್ತವೆ, ತಿರುಗುತ್ತವೆ, ಅಸುರನನ್ನು ಕೊಲ್ಲುತ್ತವೆ. ಲೈಟು, ಹೊಗೆ, ಸೌಂಡು ಎಲ್ಲ ಇರುತ್ತದೆ. ಬಹುಮಾನವೂ ಇರುವುದರಿಂದ ಪೈಪೋಟಿ ಜೋರು. ಜನ ಬೆಳಗಿನ ಜಾವದವರೆಗೂ ಚಳಿಯಲ್ಲಿ ನಿಂತು ನೋಡುತ್ತಾರೆ.

ಚಿಕ್ಕಪ್ಪನ ಮಗ ಒಂದು ಮಂಟಪದ ಸಮಿತಿಯಲ್ಲಿದ್ದ. ಯಾವುದು ಅಂತ ಬೇಡ. ಲೈಟಿನವನ ಜೊತೆ ಲ್ಯಾಪ್‌ಟಾಪ್ ಹಿಡಿದು ಕೂರಲು ಒಬ್ಬ ಹುಡುಗ ಬೇಕಿತ್ತು, ನಾನು ಹೋದೆ. ಶೆಡ್ಡಿಗೆ ಕಾಲಿಟ್ಟರೆ ಅಟ್ಟಣಿಗೆ ಮೇಲೆ ಕುಂಚ ಹಿಡಿದು ಕೂತಿದ್ದವರು ನಮ್ಮ ಡ್ರಾಯಿಂಗ್ ಮೇಷ್ಟ್ರು! ನಿವೃತ್ತಿಯಾದ ಮೇಲೆ ಬೋರ್ಡು ಬರೆಯುವುದು, ಮಂಟಪಕ್ಕೆ ಬಣ್ಣ ಹಾಕುವುದು ಮಾಡಿಕೊಂಡಿದ್ದರಂತೆ. ಆ ವರ್ಷ ದೇವಿಯ ಸೀರೆಗೆ ಅವರು ಹಾಕಿದ್ದ ಕೆಂಪು ಇನ್ನೂ ನನ್ನ ಕಣ್ಣಲ್ಲಿದೆ. ಕುಂಕುಮಕ್ಕಿಂತ ಸ್ವಲ್ಪ ಗಾಢ. ಮೂರು ಸಲ ಬಳಿದಿದ್ದರು.

ನಾನು ಸುಮ್ಮನಿರಲಿಲ್ಲ. ಕೆಂಪು ಲೈಟು, ಹಸಿರು ಲೈಟು ಎರಡನ್ನೂ ಬಿಳಿ ಗೋಡೆಯ ಮೇಲೆ ಬಿಟ್ಟು, "ಸಾರ್, ನೋಡಿ ಹಳದಿ. ಅಂಗಡಿಗೆ ಹೋಗ್ಬೇಕಾಗಿಲ್ಲ" ಅಂದೆ. ಅವರು ನಕ್ಕರು. "ನನ್ನ ಡಬ್ಬದಲ್ಲಿ ಅವೆರಡು ಸೇರಿಸಿದ್ರೆ ಕೆಸರು ಬರ್ತದೆ ಮಾರಾಯ" ಅಂದರು. ಸುತ್ತ ಇದ್ದ ಹುಡುಗರೂ ನಕ್ಕರು. ನಕ್ಕದ್ದು ಅವರನ್ನು ನೋಡಿ ಅಂತ ನಾನು ತಿಳಿದುಕೊಂಡೆ.

ವಿಜಯದಶಮಿ ರಾತ್ರಿ. ದೇವಿ ಕಾಡಿನಿಂದ ಹೊರಬರುವ ದೃಶ್ಯ. ಕಾಡು ಕಾಡಿನ ಹಾಗೆ ಕಾಣಲಿ ಅಂತ ನಾನು ಉಳಿದ ಲೈಟುಗಳನ್ನೆಲ್ಲ ಆರಿಸಿ ಬರೀ ಹಸಿರು ಬಿಟ್ಟೆ. ಎಲೆಗಳು ಜೀವ ಬಂದ ಹಾಗೆ ಹೊಳೆದವು. ದೇವಿ ಮುಂದೆ ಬಂದಳು. ಸೀರೆ ಹೆಚ್ಚುಕಡಿಮೆ ಕಪ್ಪಾಗಿತ್ತು. ಮುಖ ಹಸಿರು, ಒಡವೆ ಹಸಿರು, ಮೈತುಂಬ ಕಪ್ಪು. ಜನ ಒಂದು ಕ್ಷಣ ಸುಮ್ಮನಾದರು. ಹಿಂದಿನಿಂದ ಯಾರೋ "ದೇವಿ ಎಲ್ಲಿ, ಇದು ರಾಕ್ಷಸಿ ಅಲ್ವಾ" ಅಂದರು.

ಮರುದಿನ ಸಮಿತಿಯವರು ಮೇಷ್ಟ್ರನ್ನು ಕರೆಸಿದರು. ಕಡಿಮೆ ದರ್ಜೆಯ ಬಣ್ಣ ಹಾಕಿದ್ದೀರಿ, ಲೈಟಿಗೆ ನಿಲ್ಲಲಿಲ್ಲ ಅಂದರು. ನನ್ನನ್ನೂ ಕೇಳಿದರು. "ಬಣ್ಣದ್ದೇ ಪ್ರಾಬ್ಲಮ್ ಇರಬಹುದು" ಅಂದೆ. ಇಂಜಿನಿಯರಿಂಗ್ ಓದುವ ಹುಡುಗ ಹೇಳಿದ ಮೇಲೆ ಮುಗಿಯಿತು. ಕೊಡಬೇಕಾದ ಕೊನೆಯ ಕಂತು ಹಿಡಿದರು. ಮೇಷ್ಟ್ರು ಜಗಳ ಆಡಲಿಲ್ಲ. "ಹಗಲಲ್ಲಿ ಬಂದು ನೋಡಿ" ಅಂತ ಒಂದೇ ಮಾತು ಹೇಳಿ ಹೋದರು.

ಯಾರೂ ಹೋಗಿ ನೋಡಲಿಲ್ಲ. ನಾನು ಹೋದೆ. ಶೆಡ್ಡಿನ ಬಾಗಿಲಿನಿಂದ ಬಿಸಿಲು ಬೀಳುತ್ತಿತ್ತು. ಸೀರೆ ಕೆಂಪಾಗಿಯೇ ಇತ್ತು. ನೋಡಿ, ಬಸ್ ಹತ್ತಿ ಹಾಸನಕ್ಕೆ ಬಂದೆ. ಯಾರಿಗೂ ಹೇಳಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಬಣ್ಣದ ಡಬ್ಬದಲ್ಲಿರುವ ಪುಡಿ ಬೆಳಕನ್ನು ಕೊಡುವುದಿಲ್ಲ, ತಿನ್ನುತ್ತದೆ. ಹಳದಿ ಬಣ್ಣ ನೀಲಿ ಬೆಳಕನ್ನು ನುಂಗಿ ಉಳಿದದ್ದನ್ನು ವಾಪಸ್ ಕಳಿಸುತ್ತದೆ. ನೀಲಿ ಬಣ್ಣ ಕೆಂಪು ಬೆಳಕನ್ನು ನುಂಗುತ್ತದೆ. ಎರಡನ್ನೂ ಕಲಸಿದರೆ ಇಬ್ಬರೂ ತಿನ್ನದೆ ಬಿಟ್ಟದ್ದು ಹಸಿರು, ಅದು ನಮಗೆ ಕಾಣುತ್ತದೆ. ಹೆಚ್ಚು ಹೆಚ್ಚು ಬಣ್ಣ ಕಲಸಿದಷ್ಟೂ ತಿನ್ನುವವರು ಜಾಸ್ತಿಯಾಗಿ ಕೊನೆಗೆ ಕೆಸರು ಉಳಿಯುತ್ತದೆ. ಬೆಳಕಿನಲ್ಲಿ ಹಾಗಲ್ಲ. ಅಲ್ಲಿ ಒಂದರ ಮೇಲೆ ಒಂದು ಕೂಡುತ್ತಾ ಹೋಗಿ ಬಿಳಿಯಾಗುತ್ತದೆ. ಒಂದು ಕಡೆ ಕಳೆಯುವ ಲೆಕ್ಕ, ಇನ್ನೊಂದು ಕಡೆ ಕೂಡುವ ಲೆಕ್ಕ.

ಇದು ದೊಡ್ಡವರಿಗೂ ಬೇಗ ಹೊಳೆದ ವಿಷಯವಲ್ಲ. ನ್ಯೂಟನ್‌ನ 'ಆಪ್ಟಿಕ್ಸ್' ಬಂದದ್ದು 1704ರಲ್ಲಿ. ಬೆಳಕನ್ನು ಬೆರೆಸುವುದು ಬೇರೆ, ಬಣ್ಣವನ್ನು ಬೆರೆಸುವುದು ಬೇರೆ ಅಂತ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬಿಡಿಸಿ ಹೇಳಿದ್ದು 1852ರಲ್ಲಿ. 1861ರಲ್ಲಿ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ತೆಗೆದ ಮೂರು ಕಪ್ಪುಬಿಳುಪು ಫೋಟೋಗಳನ್ನು ಅದೇ ಬಣ್ಣದ ಬೆಳಕುಗಳಲ್ಲಿ ಒಂದರ ಮೇಲೊಂದು ಬಿಟ್ಟು, ಒಂದು ರಿಬ್ಬನ್ನಿನ ಬಣ್ಣದ ಚಿತ್ರ ತೋರಿಸಿದ. ನಮ್ಮ ಮೊಬೈಲ್ ಸ್ಕ್ರೀನು ಆ ಪ್ರಯೋಗದ ಮೊಮ್ಮಗು. ಮೂರೇ ಯಾಕೆ ಅಂದರೆ, ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ. ನಾಯಿಗೆ ಎರಡೇ ಬಗೆ, ಎಷ್ಟೋ ಹಕ್ಕಿಗಳಿಗೆ ನಾಲ್ಕು. ಮೂರು ಎಂಬ ಲೆಕ್ಕ ಡಬ್ಬದ್ದೂ ಅಲ್ಲ, ಬಲ್ಬಿನದ್ದೂ ಅಲ್ಲ. ನಮ್ಮದು.

ಮೇಷ್ಟ್ರದ್ದೂ ಪೂರ್ತಿ ಸರಿ ಅಲ್ಲ ಅನ್ನಿ. ಕೆಂಪು, ನೀಲಿ ಸೇರಿಸಿ ಅವರು ಮಾಡುತ್ತಿದ್ದ ನೇರಳೆ ಯಾವಾಗಲೂ ಮಸುಕಾಗಿಯೇ ಇರುತ್ತಿತ್ತು. ಆಫೀಸಿನ ಕಲರ್ ಪ್ರಿಂಟರ್ ತೆರೆದು ನೋಡಿ, ಒಳಗಿರುವುದು ಸಯಾನ್, ಮಜೆಂಟಾ, ಹಳದಿ, ಜೊತೆಗೆ ಕಪ್ಪು. ಶಾಯಿಗೆ ಆ ಮೂರು ಹೆಚ್ಚು ಒಳ್ಳೆಯವು. ಆದರೆ ಹಳದಿಯನ್ನು ಅಂಗಡಿಯಿಂದಲೇ ತರಬೇಕು ಎಂಬ ಅವರ ಮಾತು ಪ್ರಿಂಟರಿನೊಳಗೂ ನಿಂತಿದೆ.

ಇಷ್ಟು ಓದಿದ ಮೇಲೆ ಬಹಳ ವರ್ಷ ನಾನು ಒಂದು ಸುಲಭದ ಸಮಾಧಾನ ಹೇಳಿಕೊಂಡಿದ್ದೆ: ಬಣ್ಣದಲ್ಲಿ ಅವರು ಸರಿ, ಬೆಳಕಿನಲ್ಲಿ ನಾನು ಸರಿ. ಅವರ ಸತ್ಯ ಅವರಿಗೆ, ನನ್ನ ಸತ್ಯ ನನಗೆ. ಕೇಳಲು ಚೆನ್ನಾಗಿದೆ, ಸ್ಟೇಟಸ್ಸಿಗೂ ಹಾಕಬಹುದು. ಆದರೆ ಆ ರಾತ್ರಿ ಎರಡು ಸತ್ಯಗಳು ಬೇರೆ ಬೇರೆ ಮನೆಯಲ್ಲಿ ಇರಲಿಲ್ಲ. ಒಂದೇ ಸೀರೆಯ ಮೇಲೆ, ಒಂದೇ ಕ್ಷಣದಲ್ಲಿ ಎದುರಾದವು. ಮೊದಲು ಬೆಳಕು ಬೀಳುತ್ತದೆ, ಅದರಲ್ಲಿ ಬಣ್ಣ ತನ್ನ ಪಾಲು ತಿನ್ನುತ್ತದೆ, ಉಳಿದದ್ದು ಕಣ್ಣಿಗೆ ಬರುತ್ತದೆ. ಕೆಂಪು ಬಣ್ಣ ವಾಪಸ್ ಕಳಿಸಬೇಕಾದದ್ದು ಕೆಂಪು ಬೆಳಕನ್ನು. ನಾನು ಅದನ್ನು ಕೊಡಲೇ ಇಲ್ಲ. ಇದರಲ್ಲಿ ಅಭಿಪ್ರಾಯಭೇದಕ್ಕೆ ಜಾಗವೇ ಇಲ್ಲ. ಕೊಡದೇ ಇದ್ದದ್ದನ್ನು ತೋರಿಸಲಿಲ್ಲ ಅಂತ ಅವರ ಮೇಲೆ ತಪ್ಪು ಹೊರಿಸಿದೆವು.

ಇನ್ನೊಂದು ವಿಷಯ ನನಗೆ ಅರ್ಥವಾದದ್ದು ತೀರಾ ತಡವಾಗಿ. ನಾವಿಬ್ಬರೂ ಸಮಾನರಾಗಿರಲಿಲ್ಲ. ಬೆಳಕು ಬಣ್ಣವನ್ನು ಕೆಡಿಸಬಹುದು, ಬಣ್ಣ ಬೆಳಕನ್ನು ಏನೂ ಮಾಡಲಾರದು. ಲ್ಯಾಪ್‌ಟಾಪ್ ನನ್ನ ಕೈಲಿತ್ತು. ಅವರು ಹದಿನೈದು ದಿನ ಬಳಿದದ್ದು ಏನಾಗಿ ಕಾಣಬೇಕು ಅಂತ ನಾನು ಒಂದು ಕೀಲಿ ಒತ್ತಿ ತೀರ್ಮಾನ ಮಾಡಿದೆ. ರಾಜಾಸೀಟಿನ ಸಂಗೀತ ಕಾರಂಜಿಗೆ ಯಾವ ಲೈಟು ಬಿಟ್ಟರೂ ನಡೆಯುತ್ತದೆ, ನೀರಿಗೆ ತನ್ನದೇ ಬಣ್ಣ ಇಲ್ಲ. ಮನುಷ್ಯರು ಕಾರಂಜಿಯಲ್ಲ. ಪ್ರತಿಯೊಬ್ಬರಿಗೂ ಅವರದೇ ಒಂದು ಬಣ್ಣ ಇರುತ್ತದೆ. ಅದಕ್ಕೆ ಬೇಕಾದ ಬೆಳಕು ಬೀಳದಿದ್ದರೆ ಎದುರಿಗೇ ನಿಂತಿದ್ದರೂ ಕಪ್ಪು.

ಇದನ್ನು ಮಂಟಪದ ಕಥೆ ಅಂತ ಬಿಟ್ಟುಬಿಡಬಹುದಿತ್ತು. ಎರಡು ವರ್ಷದ ಹಿಂದೆ ಟೀಮ್ ಲೀಡ್ ಆಗಿ ನಾನು ಮೊದಲ ಸಲ ಅಪ್ರೈಸಲ್ ಬರೆದೆ. ಟೀಮಿನಲ್ಲೊಬ್ಬಳು ಹುಡುಗಿ ಇದ್ದಳು. ಯಾರ ಕೋಡ್ ಸಿಕ್ಕಿಹಾಕಿಕೊಂಡರೂ ಅವಳ ಕುರ್ಚಿಯ ಹತ್ತಿರ ಹೋಗುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದೇ ಲೆಕ್ಕ, ಯಾರು ಎಷ್ಟು ಟಿಕೆಟ್ ಮುಗಿಸಿದರು ಅಂತ. ಆ ಬೆಳಕಿನಲ್ಲಿ ಅವಳು ಕಪ್ಪಾಗಿ ಕಂಡಳು. ಹಾಗೆಯೇ ಬರೆದೆ. ಆರು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಕೊನೆಯ ದಿನ ಅವಳ ಕುರ್ಚಿಯ ಸುತ್ತ ನಿಂತಿದ್ದವರನ್ನು ನೋಡಿದಾಗ ಶೆಡ್ಡಿನ ಬಾಗಿಲಿನ ಬಿಸಿಲು ನೆನಪಾಯಿತು.

ನಮ್ಮಲ್ಲಿ ಹೆಚ್ಚಿನವರು ಈಗ ಯಾವುದೋ ಒಂದು ಲೈಟಿನ ಬೋರ್ಡಿನ ಮುಂದೆ ಕೂತಿದ್ದೇವೆ. ಸಂದರ್ಶನ ಮಾಡುತ್ತೇವೆ, ರೇಟಿಂಗ್ ಕೊಡುತ್ತೇವೆ, ಊರಿಗೆ ಹೋದಾಗ ಅಪ್ಪನ ತೋಟದ ಲೆಕ್ಕಕ್ಕೆ ಎಕ್ಸೆಲ್ ಹಾಕಿ ನಷ್ಟ ಅನ್ನುತ್ತೇವೆ. ಒಬ್ಬರು ಕಪ್ಪಾಗಿ ಕಂಡರೆ, ಅವರ ಬಣ್ಣವನ್ನು ಬೈಯುವ ಮೊದಲು ನಾನು ಯಾವ ಲೈಟು ಆರಿಸಿದ್ದೇನೆ ಅಂತ ನೋಡಿಕೊಳ್ಳಬೇಕಾದದ್ದು ಬೋರ್ಡು ಹಿಡಿದವನ ಕೆಲಸ. ಹಾಗೆ ನೋಡಿದ ಮೇಲೂ ಕಪ್ಪೇ ಆಗಿದ್ದರೆ ಅದು ಬೇರೆ ಮಾತು. ಕಪ್ಪು ಬಣ್ಣವೂ ಇರುತ್ತದೆ.

ಇದನ್ನು ಬರೆಯುವ ಮೊದಲು ಮೇಷ್ಟ್ರಿಗೆ ಫೋನ್ ಮಾಡಿದೆ. ನಂಬರ್ ಹುಡುಕಲು ಎರಡು ದಿನ ಬೇಕಾಯಿತು, ಡಯಲ್ ಮಾಡಲು ಇನ್ನೆರಡು ದಿನ. ಹಸಿರು ಲೈಟು ಹಾಕಿದ್ದು ನಾನು, ಮರುದಿನ ಹೋಗಿ ನೋಡಿದ್ದೆ, ಗೊತ್ತಿದ್ದೂ ಸುಮ್ಮನಿದ್ದೆ ಅಂತ ಹೇಳಿದೆ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಬೈಯುತ್ತಾರೆ ಅಂದುಕೊಂಡೆ, ಬೈದರೆ ಒಳ್ಳೆಯದು ಅಂತಲೂ ಅಂದುಕೊಂಡೆ.

"ಆಮೇಲೆ ನಾನು ಮಂಟಪದ ಕೆಲಸ ಬಿಟ್ಟೆ ನೋಡು" ಅಂದರು. "ಕಣ್ಣು ಮೋಸ ಮಾಡ್ತಾ ಉಂಟೇನೋ ಅನ್ನಿಸಿತು. ಕೆಂಪು ಹಾಕ್ಲಿಕ್ಕೆ ಧೈರ್ಯ ಬರ್ಲಿಲ್ಲ."

ನಾನು ಏನೂ ಹೇಳಲಿಲ್ಲ.

"ಹಣ ಹೋದ್ದು ಇರ್ಲಿ ಮಾರಾಯ. ನೀನು ಹಗಲಲ್ಲಿ ನೋಡಿದ್ದೆ ಅಂದ್ಯಲ್ಲ. ಕೆಂಪು ಸರಿ ಇತ್ತಲ್ಲ?"

"ಸರಿ ಇತ್ತು ಸಾರ್."