ಜೋಳಿಗೆಗೆ ಹಾಕಿದ ಮೇಲೆ

ಜಂಗಮರ ಜೋಳಿಗೆಗೆ ಬೀಳುವುದು ಜೋಳ, ಹಿಟ್ಟು, ರೊಟ್ಟಿ, ಒಂದಿಷ್ಟು ಚಿಲ್ಲರೆ. 1975ರಲ್ಲಿ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನ ಮಠದ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಓಣಿಗೆ ಇಳಿದಾಗ ಇವು ಯಾವುವನ್ನೂ ಬೇಡಲಿಲ್ಲ. ಕುಡಿತ ಬೇಡಿದರು, ಬೀಡಿ ಬೇಡಿದರು, ತಂಬಾಕು ಬೇಡಿದರು. ಜನ ಕಿಸೆಯೊಳಗಿನ ಬೀಡಿ ಕಟ್ಟು, ತಂಬಾಕಿನ ಚೀಟಿ ತೆಗೆದು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಈ ಭಿಕ್ಷೆ 2018ರ ಮೇ ತಿಂಗಳಲ್ಲಿ ಸ್ವಾಮೀಜಿ ಲಿಂಗೈಕ್ಯರಾಗುವವರೆಗೆ ನಾಲ್ಕು ದಶಕಕ್ಕೂ ಮೀರಿ ನಡೆಯಿತು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಇಲ್ಲಿ ಎರಡು ಪ್ರಶ್ನೆ ಏಳುತ್ತವೆ. ಬೀಡಿ ಕಟ್ಟನ್ನು ಕೊಡಬಹುದು. ಅದರ ಮೇಲಿನ ಆಸೆಯನ್ನು ಕೊಡಲು ಬರುತ್ತದೆಯೇ? ಕೊಟ್ಟವನು ಮನೆಗೆ ಹೋದ ಮೇಲೆ, ಮಗಳ ಮದುವೆ ಮುರಿದ ದಿನ, ಬೆಳೆ ಕೊಚ್ಚಿಹೋದ ರಾತ್ರಿ, ಆ ಆಸೆ ಎಲ್ಲಿರುತ್ತದೆ?

ಜೋಳಿಗೆಯ ಧರ್ಮವನ್ನು ಬಲ್ಲವರು ಮೊದಲ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟಾರು. ಭಿಕ್ಷೆಯಾಗಿ ನೀಡಿದ್ದು ನೀಡಿದವರದಲ್ಲ. ಹಿಡಿ ಜೋಳ ಹಾಕಿದ ತಾಯಿ ಮರುದಿನ ಮಠಕ್ಕೆ ಹೋಗಿ ಅದನ್ನು ವಾಪಸು ಕೇಳುವುದಿಲ್ಲ. ಹಾಗೆಯೇ ಚಟವೂ ಒಮ್ಮೆ ಜೋಳಿಗೆಗೆ ಬಿದ್ದರೆ ಅದು ಮಠದ್ದು. ಮತ್ತೆ ಕೈ ಹಾಕುವುದೆಂದರೆ ಕೊಟ್ಟಿದ್ದನ್ನು ಕಸಿದುಕೊಂಡಂತೆ. ಕುಡಿಯುವವನು ಹೆಂಡತಿಯ ತಲೆ ಮುಟ್ಟಿ, ಮಕ್ಕಳ ಮೇಲೆ, ಊರ ದೇವರ ಮೇಲೆ ಆಣೆ ಮಾಡಿದ್ದು ಎಷ್ಟು ಸಲವೋ. ಆಣೆಯ ಭಾರವೆಲ್ಲ ಮಾಡಿದವನ ತಲೆಯ ಮೇಲೆಯೇ ಇರುತ್ತದೆ, ಅದಕ್ಕೇ ಅದು ಮುರಿಯುತ್ತದೆ. ಭಿಕ್ಷೆಯಲ್ಲಿ ಎದುರಿಗೊಬ್ಬರು ಇದ್ದಾರೆ. ಅವರು ಕೈಯೊಡ್ಡಿ ಬಂದಿದ್ದಾರೆ, ಅದೂ ದೊಡ್ಡ ಮಠವೊಂದರ ಪೀಠಾಧಿಪತಿ. ಸದಾ ಬೈಗುಳ ತಿಂದು ಬದುಕಿದವನು ಆ ಗಳಿಗೆಯಲ್ಲಿ ದಾನಿಯಾಗುತ್ತಾನೆ. ಅವನಲ್ಲೂ ಕೊಡಲು ಏನೋ ಒಂದು ಇದೆ ಎಂದು ಊರು ಮೊದಲ ಸಲ ಕಾಣುತ್ತದೆ. ಧಾರ್ಮಿಕ ಕಲ್ಪನೆಯೊಂದು ಮನುಷ್ಯನ ಮಾನವನ್ನು ಇಷ್ಟು ನಾಜೂಕಾಗಿ ಕಾಯ್ದ ಉದಾಹರಣೆ ಅಪರೂಪ.

ಎರಡನೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ, ಅದರಲ್ಲೂ ಈ ಸೀಮೆಯಲ್ಲಿ.

ಇಳಕಲ್ ಇರುವ ಬಾಗಲಕೋಟೆ ಜಿಲ್ಲೆಗೆ ನೀರು ಬರದಿದ್ದರೂ ಕಷ್ಟ, ಬಂದರೂ ಕಷ್ಟ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟೆಯ ಹಿನ್ನೀರು ಮುಂದೆ ಹಳೆಯ ಬಾಗಲಕೋಟೆಯ ಓಣಿಗಳನ್ನು, ಸುತ್ತಲಿನ ಹಳ್ಳಿಗಳ ಎರೆಹೊಲಗಳನ್ನು ನುಂಗಿತು. ಜನ ಹೊಸದಾಗಿ ಕಟ್ಟಿದ ನವನಗರದ ಸೆಕ್ಟರುಗಳಿಗೆ, ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದರು. ಹೊಲ ಹೋಗಿ ಅದರ ಬದಲು ಒಮ್ಮೆಗೇ ರೊಕ್ಕ ಕೈಗೆ ಬರುವುದು, ಮಾಡಲು ಕೆಲಸವಿಲ್ಲದಿರುವುದು, ಪಕ್ಕದಲ್ಲಿ ಹಳೆಯ ನೆರೆಹೊರೆ ಇಲ್ಲದಿರುವುದು, ಈ ಮೂರೂ ಕೂಡಿದ ಕಡೆ ಶೆರೆ ಅಂಗಡಿಗೆ ಗಿರಾಕಿ ಹುಡುಕುವ ಕಷ್ಟವಿರುವುದಿಲ್ಲ. 2009ರಲ್ಲಿ ನೆರೆ ಬಂತು. 2019ರ ಆಗಸ್ಟಿನಲ್ಲಿ ಮತ್ತೆ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಭಾಗದ ಹಳ್ಳಿಗಳು ಮುಳುಗಿದವು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು.

ಇಳಕಲ್ಲಿನ ಕಷ್ಟ ಇನ್ನೊಂದು ಬಗೆಯದು. ಇಲ್ಲಿನ ಸೀರೆಯ ಮೈಯ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆಮೇಲೆಯೇ ಟೋಪತೆನಿ ಸೆರಗು ಮಗ್ಗದ ಮೇಲೆ ಮೂಡುತ್ತದೆ. ಬೆಳಗಾದರೆ ನಡುಗುವ ಕೈಗೆ ಆ ಕೊಂಡಿ ಹಾಕಲಾಗದು. ಪವರ್‌ಲೂಮಿನ ಅಗ್ಗದ ಸೀರೆ ಬಂದು ಕೈಮಗ್ಗದ ಕೂಲಿ ಕರಗಿದಾಗ ನೇಕಾರ ಕುಡಿತಕ್ಕೆ ಬಿದ್ದರೆ, ಕುಡಿತವೇ ಅವನ ಕೈಯಲ್ಲಿ ಉಳಿದಿದ್ದ ಒಂದೇ ಕಸುಬನ್ನೂ ಕಿತ್ತುಕೊಳ್ಳುತ್ತದೆ. ಕಷ್ಟ ಕುಡಿಸಿತೋ, ಕುಡಿತ ಕಷ್ಟ ತಂದಿತೋ ಎಂದು ಬಿಡಿಸಿ ಹೇಳಲು ಆ ಮನೆಯವರಿಗೂ ಆಗುವುದಿಲ್ಲ.

ಹೀಗೆ ಸೋತ ಗಳಿಗೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ದೂರದ ದೇಶದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಲೇಬೇಕು. 1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಓಹಾಯೊ ರಾಜ್ಯದ ಏಕ್ರನ್ ಊರಿಗೆ ಹೋಗಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ನೆಚ್ಚಿಕೊಂಡು ಹೋಗಿದ್ದ ವ್ಯವಹಾರ ಕೈಕೊಟ್ಟಿತು. ಗುರುತಿಲ್ಲದ ಊರು, ಬರಿದಾದ ಕಿಸೆ. ಹೋಟೆಲಿನ ಪಡಸಾಲೆಯ ಒಂದು ಬದಿಗೆ ಬಾರು, ಇನ್ನೊಂದು ಬದಿಗೆ ಟೆಲಿಫೋನು. ಅವನು ಟೆಲಿಫೋನಿನ ಕಡೆ ನಡೆದು, ಊರಿನ ಪಾದ್ರಿಗಳಿಗೆ ಫೋನು ಮಾಡುತ್ತ ಹೋದ. ತಾನು ಮಾತಾಡಿಸಬಹುದಾದ ಒಬ್ಬ ಕುಡುಕ ಈ ಊರಲ್ಲಿ ಇದ್ದಾನೆಯೇ ಎಂಬುದು ಅವನ ವಿಚಾರಣೆ. ಸಿಕ್ಕವನು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಅದೇ ಜೂನ್ 10ರಂದು ಆ ವೈದ್ಯ ಕಡೆಯ ಗುಟುಕು ಕುಡಿದ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಆ ದಿನವನ್ನೇ ತನ್ನ ಹುಟ್ಟಿದ ದಿನವಾಗಿ ಎಣಿಸುತ್ತದೆ.

ಗಮನಿಸಬೇಕಾದದ್ದು ಬಿಲ್ ಆ ಹೊತ್ತು ಹುಡುಕಿದ್ದು ಯಾರನ್ನು ಎಂಬುದನ್ನು. ತನಗಿಂತ ಬಲಶಾಲಿಯನ್ನು, ಪಂಡಿತನನ್ನು ಅವನು ಅರಸಲಿಲ್ಲ. ತನ್ನಂತೆಯೇ ಬಿದ್ದ ಇನ್ನೊಬ್ಬನನ್ನು ಅರಸಿದ. ಆ ವೈದ್ಯನಿಗೆ ನೆರವಾದರೆ ತಾನು ಉಳಿಯುತ್ತೇನೆ ಎಂಬ ಅರಿವು ಅವನಿಗಿತ್ತು. ಕೊಡುವವನೇ ಪಡೆಯುವವನ ಋಣದಲ್ಲಿರುವ ಈ ಸಂಬಂಧ ದಾಸೋಹವನ್ನು ಬಲ್ಲ ಕನ್ನಡಿಗರಿಗೆ ಹೊಸದಲ್ಲ. ಉಣ್ಣಲು ಬಂದ ಜಂಗಮನಿಂದ ಉಣಿಸುವವನ ಬದುಕು ಸಾರ್ಥಕವಾಗುತ್ತದೆ ಎಂದು ಬಸವಣ್ಣನವರ ಕಾಲದಿಂದ ನಂಬಿ ಬಂದ ನಾಡು ಇದು. ಅವರ ಐಕ್ಯಸ್ಥಳವಾದ ಕೂಡಲಸಂಗಮ ಹುನಗುಂದ ತಾಲ್ಲೂಕಿನಲ್ಲೇ ಇದೆ.

ಆ ಅಮೆರಿಕದ ಸಂಘಕ್ಕೂ ಜೋಳಿಗೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಹೆಸರು ಹೊರಗೆ ಹೋಗುವಂತಿಲ್ಲ. ಇಲ್ಲಿ ಊರ ಮುಂದೆಯೇ ಕೊಡಬೇಕು. ಹುನಗುಂದದಂಥ ಊರಿನಲ್ಲಿ ಯಾರು ಕುಡಿಯುತ್ತಾರೆ ಎಂಬುದು ಮುಚ್ಚಿಡುವ ಸಂಗತಿಯೇ ಅಲ್ಲ. ಕುಡಿತ ಬಯಲಲ್ಲೇ ನಡೆದಿರುವಾಗ ಬಿಡುವುದೂ ಬಯಲಲ್ಲೇ ನಡೆಯಲಿ ಎಂಬ ಜೋಳಿಗೆಯ ತರ್ಕ ಇಲ್ಲಿಗೆ ಒಪ್ಪುತ್ತದೆ. ಗೆಳೆಯರು ಕರೆಯುವುದನ್ನು ಬಿಡುತ್ತಾರೆ, ಮಠಕ್ಕೆ ಮಾತು ಕೊಟ್ಟವನನ್ನು ಒತ್ತಾಯಿಸಲು ಹಿಂಜರಿಯುತ್ತಾರೆ. ಆದರೆ ಮಾತು ತಪ್ಪಿದಾಗ ಅದೇ ಬಯಲು ಸುಡುತ್ತದೆ. ಜೋಳಿಗೆಗೆ ಹಾಕಿದವನು ಆರು ತಿಂಗಳ ಮೇಲೆ ಮತ್ತೆ ಕುಡಿದರೆ ಗುರುಗಳ ಮುಖ ನೋಡಲು ನಾಚುತ್ತಾನೆ, ಮಠದ ಬೀದಿ ತಪ್ಪಿಸಿ ನಡೆಯುತ್ತಾನೆ. ಯಾರ ಹತ್ತಿರ ಹೋಗಬೇಕಾಗಿತ್ತೋ ಅವರಿಂದಲೇ ದೂರ ಓಡುತ್ತಾನೆ. ಚಟ ಮರುಕಳಿಸುವುದು ಈ ರೋಗದ ಸಾಮಾನ್ಯ ಲಕ್ಷಣ ಎಂದು ವೈದ್ಯರು ಹೇಳುತ್ತಾರೆ. ಅದನ್ನು ಮಾತಿಗೆ ತಪ್ಪಿದ ಪಾಪ ಎಂದು ಮಾತ್ರ ಎಣಿಸುವ ಊರು ತನಗೆ ತಿಳಿಯದೆಯೇ ಅವನನ್ನು ಅಂಗಡಿಯ ಕಡೆಗೆ ದಬ್ಬುತ್ತದೆ.

ಸಂಗಾತಿಗಳು ಬೇಕಾಗುವುದು ಇಲ್ಲಿ. ತಾನೂ ಒಮ್ಮೆ ಮಾತು ತಪ್ಪಿ ಮತ್ತೆ ಎದ್ದು ನಿಂತವನ ಮುಂದೆ ತಲೆ ತಗ್ಗಿಸುವ ಅಗತ್ಯವಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಇದನ್ನು ಚೆನ್ನಾಗಿ ಅರಿತುಕೊಂಡಿದೆ. ಜನಜಾಗೃತಿ ವೇದಿಕೆಯ ಮೂಲಕ ರಾಜ್ಯದ ಊರೂರುಗಳಲ್ಲಿ ನಡೆಯುವ ಅದರ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ ಕಟ್ಟಿಕೊಂಡು ಕೂಡುತ್ತಾರೆ, ಒಬ್ಬರ ಮನೆಯ ಸುಖದುಃಖ ಇನ್ನೊಬ್ಬರು ಕೇಳುತ್ತಾರೆ. ಎಂಟು ದಿನದ ಭಜನೆ, ಯೋಗ, ಉಪದೇಶಕ್ಕಿಂತ ಆಮೇಲಿನ ಈ ಕೂಡುವಿಕೆಯೇ ಹೆಚ್ಚಿನ ಕೆಲಸ ಮಾಡುತ್ತದೆ ಎಂದು ನಂಬಲು ಕಾರಣವಿದೆ. 2020ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯೊಂದು 27 ಅಧ್ಯಯನಗಳನ್ನು, ಅವುಗಳಲ್ಲಿನ 10,565 ಜನರ ಫಲಿತಾಂಶಗಳನ್ನು ಒರೆಗೆ ಹಚ್ಚಿತು. ಕುಡಿತದಿಂದ ಸತತವಾಗಿ ದೂರ ಉಳಿಯುವ ವಿಷಯದಲ್ಲಿ, ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಂಗಾತಿ ಕೂಟಗಳಿಗೆ ಸೇರಿಸುವ ವ್ಯವಸ್ಥಿತ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತು.

ಹಾಗೆಂದು ಸಂಗ ಒಂದೇ ಸಾಲದು. ವರ್ಷಗಟ್ಟಲೆ ದಿನವೂ ಕುಡಿದವನು ಜೋಳಿಗೆಗೆ ಹಾಕಿ ಬಂದು ಅಂದೇ ಪೂರಾ ನಿಲ್ಲಿಸಿದರೆ ಮೈ ಸುಮ್ಮನಿರುವುದಿಲ್ಲ. ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಹೊತ್ತುಗೊತ್ತಿನ ಅರಿವು ತಪ್ಪುತ್ತದೆ. ಅದನ್ನು ಗಾಳಿ ಸೋಕಿದ್ದು ಎಂದುಕೊಂಡು ಮನೆಯಲ್ಲೇ ಕೂಡಿಹಾಕಿದರೆ ಜೀವ ಹೋದೀತು. ಬಿಡುವ ಮೊದಲೇ ವೈದ್ಯರನ್ನು ಕಂಡರೆ ಮಾತ್ರೆ, ಬಿ1 ಜೀವಸತ್ವದ ಇಂಜೆಕ್ಷನ್‌ಗಳಿಂದ ಆ ನಾಲ್ಕು ದಿನಗಳನ್ನು ಸುರಕ್ಷಿತವಾಗಿ ದಾಟಿಸಬಹುದು. ಮಠಕ್ಕೂ ಆಸ್ಪತ್ರೆಗೂ ಈ ಸೀಮೆಯಲ್ಲಿ ವೈರವೇನೂ ಇಲ್ಲ. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರ ಕಟ್ಟಿ ಸ್ವಾಮಿಗಳನ್ನು ತಯಾರುಮಾಡಿದ ಹಾನಗಲ್ ಕುಮಾರ ಶಿವಯೋಗಿಗಳ ಹೆಸರನ್ನೇ ಬಾಗಲಕೋಟೆಯ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹೊತ್ತಿದೆ.

2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಕುಡಿತದಿಂದಾದ ತೊಂದರೆಗೆ ನೆರವು ಬೇಕು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಪೈಕಿ ಕೆಲವರನ್ನಾದರೂ ಮುಟ್ಟುವುದು ಜೋಳಿಗೆಯೇ, ಶಿಬಿರವೇ, ಪಕ್ಕದ ಮನೆಯವನೇ.

ದೇವರನ್ನು ನಂಬದವನ ಪಾಡೇನು ಎಂದು ಕೆಲವರು ಕೇಳುತ್ತಾರೆ. ಆ ಅಮೆರಿಕದ ಸಂಘವೂ ತನಗಿಂತ ಮಿಗಿಲಾದ ಶಕ್ತಿಯೊಂದಕ್ಕೆ ಶರಣಾಗು ಎನ್ನುತ್ತದೆ, ಆದರೆ ಆ ಶಕ್ತಿ ಯಾವುದು ಎಂಬುದನ್ನು ಅವರವರಿಗೆ ಬಿಡುತ್ತದೆ. ಸುತ್ತ ಕೂತ ಜನರನ್ನೇ ಆ ಶಕ್ತಿ ಎಂದುಕೊಂಡವರು ಬಹಳ ಮಂದಿ. ಶರಣರ ನಡುವೆ ಈ ಮಾತಿಗೆ ಒಂದು ಸೊಗಸಾದ ನೆಲೆಯಿದೆ. ಕಲ್ಯಾಣದ ಅನುಭವ ಮಂಟಪದ ಶರಣರಲ್ಲಿ ಹೆಂಡದ ಮಾರಯ್ಯ ಒಬ್ಬ. ಹೆಂಡ ಮಾರುವುದು ಅವನ ಕಾಯಕ. ‘ಧರ್ಮೇಶ್ವರಲಿಂಗ’ ಅಂಕಿತದ ಅವನ ವಚನಗಳು ಉಳಿದಿವೆ, ಅವುಗಳಲ್ಲಿ ಹೆಂಡದ ಪರಿಭಾಷೆಯೇ ಅಧ್ಯಾತ್ಮದ ಮಾತಾಗಿ ಬರುತ್ತದೆ. ಅವನ ಕಸುಬು ಕಂಡು ಶರಣರು ಬಾಗಿಲು ಹಾಕಲಿಲ್ಲ. ಅಲ್ಲಿ ಮಾತಾಡಲು ಬೇಕಾಗಿದ್ದುದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ತಾನು ಉಂಡು ಕಂಡ ಅನುಭವ. ಕುಡಿತ ಬಿಟ್ಟವರ ಕೂಟ ನಡೆಯುವುದೂ ಇದೇ ಕ್ರಮದಲ್ಲಿ: ಯಾರೂ ಬುದ್ಧಿ ಹೇಳುವುದಿಲ್ಲ, ತನಗಾದದ್ದನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಕಳೆದ ವಾರ ಸಾಲಗಾರ ಬಾಗಿಲಿಗೆ ಬಂದಾಗ ನಾನು ಹೇಗೆ ಅಂಗಡಿಗೆ ಹೋಗದೆ ಉಳಿದೆ ಎಂಬ ಒಂದು ಮಾತು, ಅದೇ ಸಾಲಗಾರ ನಾಳೆ ಬರಲಿರುವ ಇನ್ನೊಬ್ಬನಿಗೆ ಉಪನ್ಯಾಸಕ್ಕಿಂತ ಹೆಚ್ಚಿನದು.

ಹೆಂಗಸರ ಕತೆ ಇದರೊಳಗೆ ಸೇರದೆ ಹೊರಗೇ ಉಳಿದಿದೆ. ಕುಡಿಯುವವರಲ್ಲಿ ಬಹುಪಾಲು ಗಂಡಸರು, ಅನುಭವಿಸುವವರು ಮನೆಯವರೆಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಹೆಂಗಸರು ಮದ್ಯ ನಿಷೇಧ ಆಂದೋಲನದ ಜೊತೆ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದರು. ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದ ಅಬಕಾರಿ ಆದಾಯವನ್ನು ಬಿಟ್ಟುಕೊಡಲು ಯಾವ ಸರ್ಕಾರವೂ ಸಿದ್ಧವಿಲ್ಲ. ಸಾರಾಯಿಯನ್ನು 2007ರಲ್ಲಿ ನಿಲ್ಲಿಸಿದರೂ ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಊರ ಅಂಗಡಿ ಮುಚ್ಚುವ ತನಕ ಆ ಹೆಂಗಸರು ಕಾಯಬೇಕೆಂದರೆ ಒಂದು ತಲೆಮಾರು ಕಳೆದುಹೋಗುತ್ತದೆ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಕೂಟ 1951ರಿಂದ ಇದೆ. ಸ್ವಸಹಾಯ ಸಂಘಗಳು ಓಣಿಗೊಂದರಂತೆ ಇರುವ ಇಳಕಲ್, ಬಾದಾಮಿಗಳಲ್ಲಿ ಅಂಥದ್ದೊಂದನ್ನು ಕಟ್ಟಲು ಹೊಸದಾಗಿ ಏನನ್ನೂ ಹುಟ್ಟಿಸಬೇಕಿಲ್ಲ. ವಾರದ ಕಂತು ಕಟ್ಟಿದ ಮೇಲೆ ಇನ್ನರ್ಧ ತಾಸು ಕೂತು ಮನೆಯ ಮಾತಾಡಿದರಾಯಿತು.

ಆಗಸ್ಟ್ 1ರಂದು ಶಾಲೆ-ಕಾಲೇಜುಗಳಲ್ಲಿ ಮಕ್ಕಳಿಗೆ ಪ್ರತಿಜ್ಞೆ ಬೋಧಿಸುತ್ತಾರೆ. ಒಳ್ಳೆಯದೇ. ಆದರೆ ಜೋಳಿಗೆ ಮೊದಲು ಹೋಗಿದ್ದು ಕುಡಿಯುವವರ ಓಣಿಗೆ. ಆ ದಿನ ಮಾತು ಕೊಟ್ಟ ನಲವತ್ತರ ಗಂಡಸಿಗೆ ಮುಂದಿನ ವಾರ ಎಲ್ಲಿ ಕೂಡಬೇಕು, ಯಾರ ಜೊತೆ ಕೂಡಬೇಕು ಎಂಬುದನ್ನೂ ಅಲ್ಲೇ ಹೇಳಿ ಕಳಿಸಬೇಕು. ಮಠದ ಪಡಸಾಲೆಯೋ ಪಂಚಾಯಿತಿಯ ಕಟ್ಟೆಯೋ ಆದೀತು, ಸಂತೆಯ ದಿನವಾದರೆ ಹಳ್ಳಿಯವರಿಗೂ ಅನುಕೂಲ. ಮೊದಲೇ ಬಿಟ್ಟು ಒಂದೆರಡು ವರ್ಷ ಕಳೆದ ನಾಲ್ಕು ಜನ ಅಲ್ಲಿದ್ದರೆ ಸಾಕು. ನಡುರಾತ್ರಿ ಯಾರೂ ಸಿಗದಿದ್ದರೆ ಕನ್ನಡದಲ್ಲೇ ಮಾತಾಡುವ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕರೆಗೆ ದುಡ್ಡಿಲ್ಲ. ಆ ಸಂಖ್ಯೆಯನ್ನು ಬರೆದ ಚೀಟಿಯೊಂದನ್ನು, ಬೀಡಿ ಕಟ್ಟು ಹಾಕಿ ಬರಿದಾದ ಕಿಸೆಗೆ ಅಂದೇ ಇಟ್ಟು ಕಳಿಸಬಹುದು.