ಕೊಟ್ಟವರ ಹೆಸರು, ಉಂಡವರ ಹಕ್ಕು

2000ದ ಜೂನ್‌ನಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಲು ಅಕ್ಷಯ ಪಾತ್ರ ಹೊರಟಾಗ ಅದಕ್ಕೆ ಎರಡು ಕಡೆಯಿಂದ ಆಸರೆ ಸಿಕ್ಕಿತು. ಇನ್ಫೊಸಿಸ್‌ನ ಟಿ.ವಿ. ಮೋಹನದಾಸ್ ಪೈ ಊಟ ಸಾಗಿಸಲು ಮೊದಲ ವಾಹನ ಕೊಟ್ಟರು. ಅಭಯ್ ಜೈನ್ ಇನ್ನಷ್ಟು ದಾನಿಗಳನ್ನು ಕರೆತರುತ್ತೇನೆ ಎಂದು ಮಾತು ಕೊಟ್ಟರು. ವಾಹನ ಕೆಲವು ವರ್ಷ ಓಡಿ ಗುಜರಿಗೆ ಹೋಗುವ ವಸ್ತು. ದಾನಿಗಳನ್ನು ಹುಡುಕಿ ತರುವ ಕೆಲಸ ಮಾತ್ರ ಆವತ್ತು ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಯಶವಂತಪುರಕ್ಕೆ ಹತ್ತಿರದ ಹರೇ ಕೃಷ್ಣ ಗುಡ್ಡದಲ್ಲಿ ಹೊತ್ತಿದ ಒಲೆ ಹಲವು ರಾಜ್ಯಗಳಿಗೆ ಹಬ್ಬಿ, 2024ರ ಹೊತ್ತಿಗೆ ಬಡಿಸಿದ ಊಟದ ಲೆಕ್ಕ 400 ಕೋಟಿ ದಾಟಿತು. ಸರ್ಕಾರ ಧಾನ್ಯ ಮತ್ತು ಅಡುಗೆ ವೆಚ್ಚದ ಅನುದಾನ ಕೊಡುತ್ತದೆ. ಅದು ಸಾಲದೇ ಹೋದಾಗ ಯಾರೋ ಒಬ್ಬರು ಹೋಗಿ ಕೇಳಬೇಕು.

ಆ ಕೇಳುವವರ ಬಗ್ಗೆ ನಮ್ಮ ಧರ್ಮಗ್ರಂಥಗಳು ಹೆಚ್ಚು ಮಾತಾಡಿಲ್ಲ. ಕೊಡುವವನ ಮನಸ್ಸು ಹೇಗಿರಬೇಕು, ಪಡೆಯುವವನ ಅರ್ಹತೆ ಏನು, ಯಾವ ಕಾಲ, ಯಾವ ದೇಶ ಎಂದೆಲ್ಲ ವಿಸ್ತಾರವಾಗಿ ಹೇಳುತ್ತವೆ. ಗೀತೆಯ 17ನೇ ಅಧ್ಯಾಯ ದಾನವನ್ನೇ ಸಾತ್ವಿಕ, ರಾಜಸ, ತಾಮಸ ಎಂದು ಮೂರು ಬಗೆಯಾಗಿ ವಿಂಗಡಿಸಿ, ಪ್ರತಿಫಲದ ಆಸೆಯಿಂದ ಕೊಟ್ಟದ್ದನ್ನು ರಾಜಸದ ಪಾಲಿಗೆ ಹಾಕುತ್ತದೆ. ಆದರೆ ಒಬ್ಬರ ತಿಜೋರಿಗೂ ಇನ್ನೊಬ್ಬರ ತಟ್ಟೆಗೂ ನಡುವೆ ನಿಂತು, ದಿನವಿಡೀ ರಾಜಸ ದಾನದ ಜೊತೆಗೇ ವ್ಯವಹರಿಸಬೇಕಾದವರ ಧರ್ಮ ಯಾವುದು? ಹಸಿವು ನೀಗಿಸುವ ಸಂಸ್ಥೆಗಳಲ್ಲಿ ದೊಡ್ಡ ದೇಣಿಗೆಯ ಹೊಣೆ ಹೊತ್ತವರು ನಿಜಕ್ಕೂ ಎದುರಿಸುವ ಪ್ರಶ್ನೆ ಇದು. ಹೆಬ್ಬಾಳದ ಆಚೀಚೆ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಂಥ ಕಡೆ ಕಂಪನಿಯೊಂದರ ಸಿಎಸ್‌ಆರ್ ಸಮಿತಿಯ ಎದುರು ಕೂತವರಿಗೆ ಬರುವ ಮೊದಲ ಪ್ರಶ್ನೆಗಳಲ್ಲಿ ಒಂದು, ವ್ಯಾನಿನ ಮೇಲೆ ನಮ್ಮ ಲೋಗೋ ಎಷ್ಟು ದೊಡ್ಡದಾಗಿ ಬರುತ್ತದೆ ಎಂಬುದು.

ಈ ಕೇಳುವಿಕೆಗೆ ಕನ್ನಡ ನಾಡಿನಲ್ಲಿ ಒಂದು ಉನ್ನತ ಮಾದರಿ ಇದೆ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಹೋದರೆ ಸಿಗುವ ಸಿದ್ಧಗಂಗಾ ಮಠ. 1930ರಲ್ಲಿ ಉತ್ತರಾಧಿಕಾರಿಯಾಗಿ ಆಯ್ಕೆಯಾದ ಶಿವಕುಮಾರ ಸ್ವಾಮೀಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಮಠದ ಮಕ್ಕಳಿಗಾಗಿ ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ಎತ್ತಿದರು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಮಠದಲ್ಲಿ ಸುಮಾರು 10,000 ವಿದ್ಯಾರ್ಥಿಗಳು ಉಂಡು ಓದುತ್ತಿದ್ದರು. ಆ ದಿನವನ್ನು ರಾಜ್ಯ ಸರ್ಕಾರ ಈಗ ದಾಸೋಹ ದಿನವೆಂದು ಆಚರಿಸುತ್ತದೆ. ಜೋಳಿಗೆಯ ಒಂದು ಗುಣ ಗಮನಿಸಬೇಕು. ಸೇರು ರಾಗಿ ಕೊಟ್ಟ ರೈತನದ್ದೂ ಲೋಡುಗಟ್ಟಲೆ ಅಕ್ಕಿ ಕಳಿಸಿದ ಮಂಡಿ ಸಾಹುಕಾರನದ್ದೂ ಒಂದೇ ಕೊಪ್ಪರಿಗೆಯಲ್ಲಿ ಬೇಯುತ್ತದೆ, ಬೆಂದ ಮೇಲೆ ಯಾರ ಕಾಳು ಯಾವುದು ಎಂದು ಹೇಳುವವರಿಲ್ಲ. ಶರಣರ ದಾಸೋಹದ ತಿರುಳೂ ಇದೇ. ಕೊಟ್ಟದ್ದು ನನ್ನದಾಗಿರಲಿಲ್ಲ ಎಂಬ ಅರಿವು ಬಾರದೆ ಕೊಟ್ಟರೆ ಶರಣರ ಲೆಕ್ಕದಲ್ಲಿ ಅದು ದಾಸೋಹವಲ್ಲ.

ಇವತ್ತಿನ ದೇಣಿಗೆಯ ವ್ಯವಸ್ಥೆ ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ಕಟ್ಟಿಕೊಂಡದ್ದು. ದಾನಿಗಳನ್ನು ಮೊತ್ತದ ಮೇಲೆ ಶ್ರೇಣಿಯಾಗಿ ನಿಲ್ಲಿಸುವುದೇ ಅದರ ಮೊದಲ ಪಾಠ. ಸಾವಿರ ಕೊಟ್ಟವರಿಗೆ ರಸೀದಿ, ಲಕ್ಷ ಕೊಟ್ಟವರಿಗೆ ಫೋನ್ ಕರೆ, ಕೋಟಿ ಕೊಟ್ಟವರಿಗೆ ಅಡುಗೆಮನೆಯ ಬಾಗಿಲಲ್ಲಿ ಗ್ರಾನೈಟ್ ಫಲಕ. ಇದನ್ನು ಸುಮ್ಮನೆ ಜರಿದು ಪ್ರಯೋಜನವಿಲ್ಲ. ಸಾಂಬಾರಿಗೆ ಸಾವಿರಾರು ಲೀಟರ್ ಹಿಡಿಸುವ ಉಗಿಯ ಕಡಾಯಿ ಚಿಲ್ಲರೆ ಕಾಸಿನಲ್ಲಿ ಬರುವುದಿಲ್ಲ. ಆದರೂ ಮಹಾಭಾರತದ ಆಶ್ವಮೇಧಿಕ ಪರ್ವದ ಮುಂಗುಸಿ ಇಲ್ಲಿ ಅಡ್ಡ ಬಂದೇ ಬರುತ್ತದೆ. ಧರ್ಮರಾಯನ ಯಾಗಶಾಲೆಯಲ್ಲಿ, ಲಕ್ಷಾಂತರ ಜನ ಉಂಡ ನೆಲದ ಮೇಲೆ ಹೊರಳಾಡಿದರೂ ಅದರ ಮೈಯ ಉಳಿದರ್ಧ ಬಂಗಾರವಾಗಲಿಲ್ಲ. ಮೊದಲರ್ಧ ಬಂಗಾರವಾಗಿದ್ದು ಕುರುಕ್ಷೇತ್ರದ ಬಡ ಕುಟುಂಬವೊಂದು ತನ್ನ ಪಾಲಿನ ಹಿಟ್ಟನ್ನು ಅತಿಥಿಗೆ ಬಡಿಸಿ ತಾನು ಉಪವಾಸವಿದ್ದ ಜಾಗದಲ್ಲಿ. ದೊಡ್ಡ ಯಜ್ಞದ ನಡುಮಧ್ಯೆ ಈ ಕಥೆಯನ್ನು ತಂದಿಟ್ಟ ಕವಿ ಯಜ್ಞವನ್ನು ನಿಲ್ಲಿಸಿ ಎನ್ನಲಿಲ್ಲ. ಮೊತ್ತವನ್ನು ಪುಣ್ಯದ ತಕ್ಕಡಿಗೆ ಹಾಕಬೇಡಿ ಎಂದಷ್ಟೇ ಎಚ್ಚರಿಸಿದ. ಕೋಟಿ ಎತ್ತುವವರಿಗೆ ಈ ಎಚ್ಚರ ದಿನಾ ಬೇಕು, ಏಕೆಂದರೆ ಅವರ ಕೆಲಸದ ಅಳತೆಯೇ ಮೊತ್ತ.

ಹೆಸರಿನ ಆಸೆ ಈ ನೆಲಕ್ಕೆ ಹೊಸದಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಕ್ರಿ.ಶ. 750ರ ಸುಮಾರಿನ ವೀರಗಲ್ಲು ಹೋರಾಡಿ ಮಡಿದ ಕಿತ್ತಯ್ಯನ ಹೆಸರನ್ನು ಇವತ್ತಿಗೂ ಉಳಿಸಿಕೊಂಡಿದೆ. ಪ್ರಾಣ ಕೊಟ್ಟವನಿಗೆ ಕಲ್ಲು ನಿಲ್ಲಿಸಿದ ಜನವೇ ಭೂಮಿ ಕೊಟ್ಟವರಿಗೂ ದಾನಶಾಸನ ಕೆತ್ತಿಸಿದರು. ಆ ದಾನಶಾಸನಗಳ ಕೊನೆಗೆ ಪದೇ ಪದೇ ಬರುವ ಒಂದು ಶ್ಲೋಕದ ಆಶಯ ಇಂದಿನ ದಾನಿಗಳಿಗೆ ಓದಿ ಹೇಳುವಂಥದ್ದು: ತಾನೇ ದಾನ ಮಾಡುವುದಕ್ಕಿಂತ ಬೇರೆಯವರು ಮಾಡಿದ ದಾನವನ್ನು ಕಾಪಾಡಿಕೊಂಡು ಬರುವುದು ಹೆಚ್ಚಿನದು.

ದೇಣಿಗೆ ಎತ್ತುವವರ ನಿಜವಾದ ಕಷ್ಟ ಇರುವುದು ಇಲ್ಲೇ. ಹೊಸ ಅಡುಗೆಮನೆಗೆ ಹಣ ಹುಟ್ಟುತ್ತದೆ. ಹೊಸ ವ್ಯಾನಿಗೆ, ರೊಟ್ಟಿ ಯಂತ್ರಕ್ಕೆ ಹುಟ್ಟುತ್ತದೆ. ಬಾಯ್ಲರಿನ ರಿಪೇರಿಗೆ, ಡೀಸೆಲ್‌ಗೆ, ನಸುಕಿನಲ್ಲೇ ಎದ್ದು ತರಕಾರಿ ಹೆಚ್ಚುವವರ ಸಂಬಳಕ್ಕೆ, ಲೆಕ್ಕ ಬರೆಯುವವರ ಕೂಲಿಗೆ ಹುಟ್ಟುವುದಿಲ್ಲ. ಅದೆಲ್ಲ ಮೇಲ್ಖರ್ಚು ಎಂದು ಹಣ ಕೊಡುವವರು ಮುಖ ತಿರುಗಿಸುತ್ತಾರೆ. ಸಂಬಳದ ಮೇಲೆ ಫಲಕ ಹಾಕಲು ಬರುವುದಿಲ್ಲವಲ್ಲ. ದಾನಿಯನ್ನು ಫಲಕದಿಂದ ಡೀಸೆಲ್‌ವರೆಗೆ ನಡೆಸಿಕೊಂಡು ಹೋಗುವುದೇ ಈ ಕೆಲಸದ ಧಾರ್ಮಿಕ ಭಾಗ. ಶಾಶ್ವತ ಪೂಜೆಗೆ ಹಣ ಕಟ್ಟಿ, ತನ್ನ ಕಾಲಾನಂತರವೂ ವರ್ಷಕ್ಕೊಮ್ಮೆ ದೀಪ ಹಚ್ಚಿಸುವುದು ನಮ್ಮ ಜನಕ್ಕೆ ಗೊತ್ತಿರುವ ರೂಢಿ. ಹಾಗಾಗಿ ಈ ಮಾತು ಅವರಿಗೆ ಅರ್ಥವಾಗದ್ದಲ್ಲ, ಯಾರೂ ಕೂತು ಹೇಳಿಲ್ಲ ಅಷ್ಟೆ.

2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು ಎಂದಿತು. ಅನುಮತಿಸಿದ ಕೆಲಸಗಳ ಪಟ್ಟಿ ಶುರುವಾಗುವುದೇ ಹಸಿವಿನ ನಿವಾರಣೆಯಿಂದ. ಕಾನೂನು ಹೇಳಿತೆಂದು ಕೊಟ್ಟದ್ದು ದಾನವೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಆರ್.ಟಿ. ನಗರದ ಮಸೀದಿಯೊಂದರಲ್ಲಿ ರಂಜಾನ್ ತಿಂಗಳಲ್ಲಿ ಜಕಾತ್ ಲೆಕ್ಕ ಹಾಕುವ ವ್ಯಾಪಾರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಉಳಿಕೆಯ ಶೇ 2.5 ಕಡ್ಡಾಯ, ಅದೇ ಹೊತ್ತಿಗೆ ಅದು ಆರಾಧನೆಯೂ ಹೌದು. ತನ್ನ ಸಂಪತ್ತಿನಲ್ಲಿ ಬಡವನ ಪಾಲು ಮೊದಲೇ ಸೇರಿದೆ ಎಂಬ ನಂಬಿಕೆಯಲ್ಲಿ ಕಡ್ಡಾಯಕ್ಕೂ ಭಕ್ತಿಗೂ ಜಗಳವಿಲ್ಲ. ಯೆಹೂದಿ ಪಂಡಿತ ಮೈಮೊನಿಡೀಸ್ 12ನೇ ಶತಮಾನದಲ್ಲಿ ದಾನಕ್ಕೆ ಎಂಟು ಮೆಟ್ಟಿಲು ಹೇಳಿದಾಗ, ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗುರುತಿಲ್ಲದ ದಾನವನ್ನು ತೀರಾ ಮೇಲಿನ ಮೆಟ್ಟಿಲುಗಳಲ್ಲಿ ಇಟ್ಟ.

ಮಗುವಿನ ಕಡೆಯಿಂದ ನೋಡಿದರೆ ವಿಷಯ ಇನ್ನೂ ನಿಚ್ಚಳ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಲೇಬೇಕು ಎಂದು ಆದೇಶಿಸಿತು. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹವಾಗಿ 2002ರಲ್ಲಿ ಶುರುವಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಆ ಊಟವನ್ನು ಹಕ್ಕೆಂದೇ ಬರೆಯಿತು. ಯಲಹಂಕದ ಸರ್ಕಾರಿ ಶಾಲೆಯ ಹುಡುಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಅವಳು ಯಾರ ಋಣದಲ್ಲೂ ಇಲ್ಲ. ಹಾಗಿದ್ದ ಮೇಲೆ ಅವಳ ತಟ್ಟೆಗೆ ಏನು ಬೀಳಬೇಕು ಎಂಬುದನ್ನು ದಾನಿಯ ವ್ರತ ನಿರ್ಧರಿಸಬಹುದೇ?

ಈ ಪ್ರಶ್ನೆ 2018ರಲ್ಲಿ ಬೀದಿಗೆ ಬಂತು. ಅಕ್ಷಯ ಪಾತ್ರ ತನ್ನ ಕೃಷ್ಣಭಕ್ತಿ ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ ಎಂದಿತು. ಮಕ್ಕಳಿಗೆ ರುಚಿ ಹಿಡಿಸದೆ ಊಟ ಬಿಡುತ್ತಾರೆ ಎಂದು ಆಹಾರ ಹಕ್ಕಿನ ಕಾರ್ಯಕರ್ತರು ವಾದಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆ ಊಟ ಪೌಷ್ಟಿಕಾಂಶದ ಮಾನದಂಡಕ್ಕೆ ಸರಿಹೊಂದುತ್ತದೆ ಎಂದರೂ ಚರ್ಚೆ ಮುಗಿಯಲಿಲ್ಲ. ಮುಗಿಯಬಾರದು ಕೂಡ. ಭಕ್ತನೊಬ್ಬ ತನ್ನ ಅಡುಗೆಮನೆಯಲ್ಲಿ ಮಡಿ ಕಾಯುವುದು ಅವನ ಸ್ವಾತಂತ್ರ್ಯ, ಅದನ್ನು ಗೌರವಿಸಬೇಕು. ಆದರೆ ಹಕ್ಕಿನಿಂದ ಬಂದ ಊಟದಲ್ಲಿ ಮಗುವಿನ ಮನೆಯ ರುಚಿಗೂ ಒಂದು ಮತ ಇರಬೇಕು. ನಿಯತ್ತು ಶುದ್ಧವಾಗಿದ್ದರೂ ಆ ಮತವನ್ನು ದಾನಿ ಚಲಾಯಿಸಲಾಗದು. ಮುಂದೆ 2020ರಲ್ಲಿ, ಮೊದಲ ವಾಹನ ಕೊಟ್ಟ ಪೈ ಮತ್ತು ಅಭಯ್ ಜೈನ್ ಸೇರಿದಂತೆ ಕೆಲವು ಸ್ವತಂತ್ರ ಟ್ರಸ್ಟಿಗಳು ಆಡಳಿತದ ಪ್ರಶ್ನೆಗಳನ್ನೆತ್ತಿ ರಾಜೀನಾಮೆ ಕೊಟ್ಟರು. ಅಡುಗೆಮನೆಗಳು ನಿಲ್ಲಲಿಲ್ಲ, ಊಟ ಶಾಲೆಗಳಿಗೆ ಹೋಗುತ್ತಲೇ ಇತ್ತು. ಆದರೂ ದೇಣಿಗೆ ಕೇಳುವವರಿಗೆ ಅದು ದೊಡ್ಡ ಪಾಠ. ಮಕ್ಕಳ ಹೆಸರಿನಲ್ಲಿ ಎತ್ತಿದ ಹಣದ ಲೆಕ್ಕವನ್ನು ಯಾರು ಕೇಳಿದರೂ ತೆರೆದಿಡುವಂತಿರಬೇಕು, ದೇವರ ಕೆಲಸ ಎಂಬ ಕಾರಣಕ್ಕೆ ಇನ್ನೂ ಹೆಚ್ಚಾಗಿ.

ಬೇರೆ ದಾರಿಯೂ ತೆರೆದಿದೆ. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ರಾಜ್ಯದ ಸುಮಾರು 55 ಲಕ್ಷ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಮೂರು ವರ್ಷಕ್ಕೆ ₹1,500 ಕೋಟಿಗೂ ಮೀರಿದ ಮೊತ್ತದ ಒಪ್ಪಂದ ಮಾಡಿಕೊಂಡಿತು. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದದ್ದು ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಆಯ್ಕೆ ಮಗುವಿನದು, ಬಡಿಸುವುದು ಸರ್ಕಾರಿ ವ್ಯವಸ್ಥೆಯೇ. ಇಷ್ಟು ದೊಡ್ಡ ದೇಣಿಗೆ ಕೊನೆಗೆ ಎಷ್ಟು ಸಣ್ಣ ನಾಣ್ಯಗಳಲ್ಲಿ ಒಡೆಯುತ್ತದೆ ನೋಡಿ: ಮೊಟ್ಟೆಯೊಂದಕ್ಕೆ ನಿಗದಿಯಾದದ್ದು ₹6. ಅದರಲ್ಲಿ ಖರೀದಿಗೆ ₹5, ಬೇಯಿಸುವ ಇಂಧನಕ್ಕೆ 50 ಪೈಸೆ, ಸಿಪ್ಪೆ ಸುಲಿಯುವ ಅಡುಗೆಯವರಿಗೆ 30 ಪೈಸೆ, ಸಾಗಣೆಗೆ 20 ಪೈಸೆ. ಪೇಟೆಯಲ್ಲಿ ಮೊಟ್ಟೆಯ ದರ ಏರಿದಾಗ ವ್ಯತ್ಯಾಸವನ್ನು ಮುಖ್ಯಶಿಕ್ಷಕರು ಕೈಯಿಂದ ಹಾಕಬೇಕಾಗಿ ಬಂತು. ಅವರ ಹೆಸರು ಯಾವ ದಾನಿಗಳ ಪಟ್ಟಿಯಲ್ಲೂ ಇಲ್ಲ.

ಆ ಒಪ್ಪಂದದ ಮೂರು ವರ್ಷ 2027ಕ್ಕೆ ತುಂಬುತ್ತದೆ. ಆ ಹೊತ್ತಿಗೆ ಹೊಸ ದಾನಿಯನ್ನು ಹುಡುಕುವುದೋ, ವಾರದ ನಾಲ್ಕು ದಿನದ ಮೊಟ್ಟೆಯ ಖರ್ಚನ್ನು ರಾಜ್ಯ ತನ್ನ ಬಜೆಟ್ಟಿನಲ್ಲೇ ಬರೆದುಕೊಳ್ಳುವುದೋ ಎಂಬುದು ತೀರ್ಮಾನವಾಗಬೇಕು. ಹಸಿವಿಗಾಗಿ ದೇಣಿಗೆ ಎತ್ತುವವರು ತಮ್ಮ ದೊಡ್ಡ ದಾನಿಗಳ ಜೊತೆ ಕೂತು ವಿಧಾನಸೌಧಕ್ಕೆ ಈ ಬೇಡಿಕೆಯ ಪತ್ರ ಬರೆಯಲು ಇದೇ ಸಮಯ.